ಆಟದ ರಾತ್ರಿ, ಯಂತ್ರದ ಕಿವಿ

ಸುಳ್ಯ ತಾಲೂಕಿನ ಜಾಲ್ಸೂರಿನಲ್ಲಿ ಎರಡು ದಾರಿಗಳು ಕೂಡುತ್ತವೆ. ಒಂದು ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿ. ಮತ್ತೊಂದು ಚೆರ್ಕಳದಿಂದ ಗಡಿ ದಾಟಿ ಬರುವ ಕಾಸರಗೋಡಿನ ದಾರಿ. ಸುತ್ತಣ ಊರುಗಳಿಗೆ ರಾಜ್ಯ ಎರಡಾದರೂ ಯಕ್ಷಗಾನದ ತಿಟ್ಟು ಒಂದೇ, ತೆಂಕುತಿಟ್ಟು.

ಇಂಥಲ್ಲಿ ಆಟದ ರಾತ್ರಿ ಧ್ವನಿಮುದ್ರಣ ಯಂತ್ರ ಹಿಡಿದು ಬರುವ ತರುಣರುಂಟು. ಪ್ರಸಂಗದ ಪದ್ಯಗಳು ಅಚ್ಚಾಗಿವೆ. ಬೇಕಾದಾಗ ತೆರೆದು ಓದಬಹುದು. ಆದರೆ ವೇಷಧಾರಿಯ ಅರ್ಥ ಆ ಕ್ಷಣದಲ್ಲಿ ಹುಟ್ಟುವ ಮಾತು. ಇಂದು ತಪ್ಪಿದರೆ ತಪ್ಪಿದಂತೆಯೇ.

ಯಂತ್ರವನ್ನು ಧ್ವನಿವರ್ಧಕದ ಕಹಳೆಯ ಎದುರಿಗಿಟ್ಟರೆ ಭಾಗವತರ ಕಂಠದೊಡನೆ ಮಗುವಿನ ಅಳು, ಕಡಲೆ ಮಾರುವವನ ಕೂಗು ಎಲ್ಲವೂ ಸೇರುತ್ತವೆ. ಆದುದರಿಂದ ಬಲ್ಲವರು ಧ್ವನಿವರ್ಧಕದಿಂದಲೇ ತಂತಿ ಎಳೆಯುತ್ತಾರೆ. ಯಾವ ಕಿಂಡಿಯಿಂದ ಎಂಬುದೇ ಪ್ರಶ್ನೆ.

ಧ್ವನಿವರ್ಧಕದ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೈಕಿನಿಂದ ಬರುವ ವಿದ್ಯುತ್ತು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು. ಮೊದಲ ಹಂತವು ಅದನ್ನು 1 ವೋಲ್ಟಿನ ಆಸುಪಾಸಿಗೆ ಏರಿಸಿ, ಹಲವು ಮೈಕುಗಳ ದನಿಯನ್ನು ಬೆರೆಸುತ್ತದೆ. ಎರಡನೆಯದು ಕಹಳೆಗಳನ್ನು ನುಡಿಸುವ ಬಲ ಕೊಡುತ್ತದೆ. ಇವೆರಡರ ನಡುವಿನಿಂದ ಹೊರಬರುವ ಕಿಂಡಿಯೇ ‘ಲೈನ್ ಔಟ್’. ದೂರದ ಕಹಳೆಗಳಿಗೆ ಹೋಗುವ ತಂತಿಯಲ್ಲಿ 100 ವೋಲ್ಟಿನವರೆಗೂ ಇರಬಹುದು. ಅದನ್ನು ತಂದು ಸಿಕ್ಕಿಸಿದರೆ ಮುದ್ರಣಯಂತ್ರದ ಆಯುಷ್ಯ ಅಲ್ಲಿಗೇ ಮುಗಿದೀತು. ಲೈನ್ ಔಟಿನ ತಂತಿಯನ್ನೂ ಯಂತ್ರದ ಮೈಕ್ ಕಿಂಡಿಗೆ ಕೊಡದೆ ‘ಲೈನ್ ಇನ್’ಗೇ ಕೊಡಬೇಕು, ಇಲ್ಲವಾದರೆ ದನಿ ಒಡೆಯುತ್ತದೆ.

ಪೇಟೆಯ ಹುಡುಗರ ಗಿಟಾರಿನ ಧ್ವನಿವರ್ಧಕದಲ್ಲಿಯೂ ಇದೇ ನಡುವಿನ ಸ್ಥಳದಲ್ಲಿ ‘ಇಫೆಕ್ಟ್ಸ್ ಸೆಂಡ್’ ಎಂಬ ಕಿಂಡಿ ಇರುವುದುಂಟು. ಪ್ರತಿಧ್ವನಿ ಮೊದಲಾದ ಅಲಂಕಾರಗಳಿಗಾಗಿ ದನಿಯನ್ನು ಹೊರಗೆ ಕಳುಹಿಸುವ ದಾರಿ ಅದು, ಮುದ್ರಣಕ್ಕೂ ಒದಗುತ್ತದೆ. ಆದರೆ ಹಾಗೆ ಮುದ್ರಿಸಿದ ಗಿಟಾರು ಕರ್ಕಶವಾಗಿ ಕೇಳಿಸುತ್ತದೆ. ಗಿಟಾರಿನ ಸ್ಪೀಕರು ಸೆಕೆಂಡಿಗೆ ಸುಮಾರು 5000 ಕಂಪನಗಳಿಗೆ ಮೇಲ್ಪಟ್ಟ ದನಿಯನ್ನು ಬಹುಮಟ್ಟಿಗೆ ತಡೆದು ನಾದವನ್ನು ಹದಗೊಳಿಸುತ್ತದೆ. ಕಿಂಡಿಯಲ್ಲಿ ಆ ಹದ ಇನ್ನೂ ಬಂದಿರುವುದಿಲ್ಲ. ಸದ್ದು ಬೇಡವೆಂದು ವಾಲ್ವಿನ ಧ್ವನಿವರ್ಧಕದ ಸ್ಪೀಕರನ್ನು ಕಳಚುವುದಂತೂ ಸಲ್ಲದು. ಒಳಗಿನ ಟ್ರಾನ್ಸ್‌ಫಾರ್ಮರು ಕೆಟ್ಟೀತು.

ಆಟದ ಬಯಲಿನಲ್ಲಿಯೂ ಇಂಥದೇ ಕೊರತೆ. ಕಿಂಡಿಯಲ್ಲಿ ದೊರೆಯುವುದು ಮೈಕುಗಳು ಕೇಳಿದ್ದು ಮಾತ್ರ, ಬಯಲು ಕೇಳಿದ್ದಲ್ಲ. ಚೆಂಡೆಗೆ ಮೈಕಿನ ಹಂಗು ಹೆಚ್ಚಿಲ್ಲ. ಅದಕ್ಕೆ ಮೈಕು ಇಡದಿದ್ದ ರಾತ್ರಿಯ ಮುದ್ರಣದಲ್ಲಿ ಭಾಗವತರ ಪದ ನಿಚ್ಚಳ. ಚೆಂಡೆ ಗೋಡೆಯಾಚೆಯ ಸದ್ದು. ಆಟಕ್ಕೆ ಬರಲಾರದೆ ಮನೆಯಲ್ಲುಳಿದ ಹಿರಿಯರು ಮೊದಲು ಕೇಳುವ ಮಾತು: “ಚೆಂಡೆ ಎಲ್ಲಿ ಮಾರಾಯಾ?”

ಉಪಾಯ ಕಠಿನವಲ್ಲ. ರಂಗಸ್ಥಳದ ಅಂಚಿನಲ್ಲಿ ತನ್ನದೇ ಒಂದು ಮೈಕನ್ನಿಟ್ಟು, ಯಂತ್ರದ ಎಡಭಾಗಕ್ಕೆ ಲೈನ್, ಬಲಭಾಗಕ್ಕೆ ಮೈಕ್ ಎಂದು ಬೇರೆಬೇರೆಯಾಗಿ ಮುದ್ರಿಸಿಕೊಂಡರೆ ಬಳಿಕ ಹದವರಿತು ಬೆರೆಸಬಹುದು. ಆ ಮೈಕು ದೂರವಿರಬಾರದು. ದನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 34 ಮೀಟರು ಹಿಂದಿಟ್ಟ ಮೈಕಿಗೆ ಚೆಂಡೆಯ ಪೆಟ್ಟು ಸೆಕೆಂಡಿನ ಹತ್ತರಲ್ಲೊಂದು ಪಾಲು ತಡವಾಗಿ ಮುಟ್ಟುತ್ತದೆ. ಬೆರೆಸಿದಾಗ ಒಂದೇ ಪೆಟ್ಟು ಎರಡಾಗಿ ಕೇಳಿಸೀತು.

ಇದನ್ನೆಲ್ಲ ಪರೀಕ್ಷಿಸಲು ಆಟವೇ ಅವಕಾಶ ಕೊಡುತ್ತದೆ. ಆರಂಭಕ್ಕೆ ಮೊದಲು ‘ಕೇಳಿ’ ಬಡಿಯುವಾಗ ಚೆಂಡೆಯ ಅಬ್ಬರ ಸಾಕಷ್ಟು ದೊರೆಯುತ್ತದೆ. ಆಗಲೇ ಮಟ್ಟ ಹೊಂದಿಸಿ, ಒಂದು ನಿಮಿಷ ಮುದ್ರಿಸಿ, ಕಿವಿಗೊಟ್ಟು ಕೇಳಿದವನು ಮಂಗಳದವರೆಗೆ ನಿಶ್ಚಿಂತೆಯಿಂದ ಆಟ ನೋಡಬಹುದು.