ಇಂದಿನ ಪಾಳಿ ಯಾರದು?

ಮಕ್ಕಳೇ, ‘ನಿಮ್ಮ ವರ್ಗದ ನಾಯಕ ಯಾರು?’ ಎಂದು ಯಾರಾದರೂ ಕೇಳಿದರೆ ನೀವು ತಟ್ಟನೆ ಒಂದು ಹೆಸರು ಹೇಳುತ್ತೀರಿ. ಅದು ಹೆಚ್ಚಾಗಿ ಪರೀಕ್ಷೆಯಲ್ಲಿ ಮೊದಲು ಬರುವ ವಿದ್ಯಾರ್ಥಿಯ ಹೆಸರಾಗಿರುತ್ತದೆ. ಇಲ್ಲವೆ ಎಲ್ಲರಿಗಿಂತ ಗಟ್ಟಿಯಾಗಿ ಕೂಗಬಲ್ಲವನ ಹೆಸರಾಗಿರುತ್ತದೆ. ಗುರುಗಳು ಹೊರಗೆ ಹೋದಾಗ ಮಾತನಾಡಿದವರ ಹೆಸರುಗಳನ್ನು ಹಲಗೆಯ ಮೇಲೆ ಬರೆಯುವುದು ಅವನ ಕೆಲಸ. ಜೂನ್ ತಿಂಗಳಲ್ಲಿ ನಾಯಕನಾದವನು ಬೇಸಿಗೆಯ ರಜೆಯವರೆಗೂ ನಾಯಕನೇ. ಹಾಗಾದರೆ ಉಳಿದ ಮಕ್ಕಳ ಪಾಲಿಗೆ ಏನು ಬಂತು? ಕೈಕಟ್ಟಿ ಕುಳಿತುಕೊಳ್ಳುವುದು ಮಾತ್ರವೇ?

ಶಾಲೆಯಲ್ಲಿ ನಾಯಕತ್ವವು ಒಬ್ಬರ ಸೊತ್ತಾಗಬಾರದು ಎಂಬುದು ನನ್ನ ಅಭಿಪ್ರಾಯ. ಬಾವಿಯ ನೀರನ್ನು ಹೊಲಗಳಿಗೆ ಪಾಳಿಯ ಪ್ರಕಾರ ಬಿಡುತ್ತಾರಲ್ಲವೇ? ನಾಯಕತ್ವವೂ ಹಾಗೆಯೇ ಪ್ರತಿಯೊಂದು ಮಗುವಿಗೂ ಬರಬೇಕು.

ಇನ್ನು ಕೆಲವು ವರ್ಷಗಳಲ್ಲಿ ನೀವು ಹೈಸ್ಕೂಲಿಗೆ ಹೋಗುತ್ತೀರಿ. ಅಲ್ಲಿ ಹಲವು ಮಂಡಳಗಳ ಹೆಸರು ಕೇಳುತ್ತೀರಿ. ವಿಜ್ಞಾನ ಮಂಡಳ, ಕ್ರೀಡಾ ಮಂಡಳ, ವಾಚನಾಲಯ ಸಮಿತಿ, ಶಾಲಾ ಮಂತ್ರಿಮಂಡಳ ಇತ್ಯಾದಿ. ಗಿಡಮರಗಳನ್ನು ಕಾಪಾಡಲು ‘ರಾಷ್ಟ್ರೀಯ ಹರಿತ ಸೇನೆ’ ಎಂಬ ಯೋಜನೆ 2001-02ರಲ್ಲಿ ದೇಶದ ಶಾಲೆಗಳಲ್ಲಿ ಆರಂಭವಾಯಿತು. ಸ್ಕೌಟ್ ಚಳವಳಿ ಅದಕ್ಕಿಂತ ಬಹಳ ಹಳೆಯದು. 1907ರಲ್ಲಿ ಬೇಡನ್ ಪೊವೆಲ್ ಎಂಬವರು ಇಂಗ್ಲೆಂಡಿನ ಒಂದು ಚಿಕ್ಕ ದ್ವೀಪದಲ್ಲಿ ಹುಡುಗರ ಶಿಬಿರ ನಡೆಸಿದರು. ಅವರು ಹುಡುಗರನ್ನು ನಾಲ್ಕು ಚಿಕ್ಕ ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಅದರೊಳಗಿನ ಹುಡುಗನನ್ನೇ ಮುಖಂಡನನ್ನಾಗಿ ಮಾಡಿದರು. ನಮ್ಮ ದೇಶದ ‘ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್’ ಸಂಸ್ಥೆ 1950ರಲ್ಲಿ ರೂಪುಗೊಂಡಿತು. ಹೀಗೆ ಮಂಡಳಗಳಿಗೇನೂ ಕೊರತೆಯಿಲ್ಲ. ಆದರೆ ಮಂಡಳ ಎಂದರೆ ಫಲಕವೂ ಅಲ್ಲ, ಎದೆಗೆ ಸಿಕ್ಕಿಸುವ ಬಿಲ್ಲೆಯೂ ಅಲ್ಲ. ಅದು ಮಾಡುವ ಕೆಲಸವೇ ಅದರ ಗುರುತು.

ಒಂದು ಉದಾಹರಣೆ ನೋಡೋಣ. ಮಳೆಗಾಲದಲ್ಲಿ ಶಾಲೆಯ ಅಂಗಳದಲ್ಲಿ ಸಸಿ ನೆಡುತ್ತಾರೆ. ಅಂದು ಎಲ್ಲರೂ ಮುಂದೆ ಬರುತ್ತಾರೆ. ಭಾಷಣ ಆಗುತ್ತದೆ, ಚಪ್ಪಾಳೆ ಬೀಳುತ್ತದೆ, ಫೋಟೋ ತೆಗೆಯುತ್ತಾರೆ. ಆದರೆ ನಮ್ಮ ಜತ್ತ ತಾಲೂಕು ಬರಗಾಲದ ನಾಡು. ಮಾರ್ಚ್ ಬಂತೆಂದರೆ ನೆಲ ಬಿರಿಯುತ್ತದೆ. ಕೆಲವು ಊರುಗಳಲ್ಲಿ ಕುಡಿಯುವ ನೀರಿಗೂ ಟ್ಯಾಂಕರಿನ ದಾರಿ ಕಾಯಬೇಕಾಗುತ್ತದೆ. ಆಗ ಆ ಸಸಿಗೆ ನೀರು ಹಾಕುವವರು ಯಾರು? ಮಧ್ಯಾಹ್ನದ ಊಟದ ತಟ್ಟೆ ತೊಳೆದ ನೀರನ್ನು ಚೆಲ್ಲದೆ, ಒಂದು ಬಕೆಟ್ಟಿನಲ್ಲಿ ಕೂಡಿಸಿ ಬೇವಿನ ಸಸಿಯ ಬುಡಕ್ಕೆ ಹಾಕುವ ಹುಡುಗಿಯನ್ನು ಯಾರೂ ನಾಯಕಿ ಎಂದು ಕರೆಯುವುದಿಲ್ಲ. ನಾನು ಮಾತ್ರ ಅವಳನ್ನೇ ನಾಯಕಿ ಎನ್ನುತ್ತೇನೆ. ಜುಲೈ ತಿಂಗಳಲ್ಲಿ ಸಸಿ ನೆಟ್ಟವರು ಎಷ್ಟು ಜನ ಎಂದು ಎಣಿಸುವುದಕ್ಕಿಂತ, ಏಪ್ರಿಲ್‌ನಲ್ಲಿ ಎಷ್ಟು ಸಸಿಗಳು ಹಸಿರಾಗಿವೆ ಎಂದು ಎಣಿಸಬೇಕು. ಮಂಡಳದ ನಿಜವಾದ ಪರೀಕ್ಷೆ ಅದೇ.

ಒಬ್ಬಳೇ ಹುಡುಗಿ ದಿನಾಲೂ ನೀರು ಹೊತ್ತರೆ ಅವಳು ದಣಿಯುತ್ತಾಳೆ. ಅವಳಿಗೆ ಜ್ವರ ಬಂದರೆ ಗಿಡ ಒಣಗುತ್ತದೆ. ಆದುದರಿಂದಲೇ ಪಾಳಿ ಬೇಕು. ಕಾರ್ತಿಕ ಮಾಸದಲ್ಲಿ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ನಡೆದುಕೊಂಡು ಹೋಗುವ ಭಕ್ತರನ್ನು ನೀವು ನೋಡಿರಬಹುದು. ದಾರಿಯ ಊರುಗಳಲ್ಲಿ ಅವರಿಗೆ ನೀರು, ಊಟ ಸಿಗುತ್ತದೆ. ಒಬ್ಬರು ಕಟ್ಟಿಗೆ ತರುತ್ತಾರೆ, ಒಬ್ಬರು ಅಡಿಗೆ ಮಾಡುತ್ತಾರೆ, ಒಬ್ಬರು ಬಡಿಸುತ್ತಾರೆ, ಇನ್ನೊಬ್ಬರು ಎಲೆ ಎತ್ತುತ್ತಾರೆ. ಅಷ್ಟು ದೊಡ್ಡ ಕೆಲಸ ನಡೆಯುವುದು ಹಂಚಿಕೊಂಡು ಮಾಡುವುದರಿಂದ.

ಮಂಡಳದ ಕೆಲಸ ಹಂಚಿಕೊಳ್ಳುವುದು ಹೇಗೆ? ವಾರಕ್ಕೊಮ್ಮೆ ಅರ್ಧ ತಾಸು ಸಭೆ ಸೇರಿರಿ. ಒಂದು ವಹಿ ಇಡಿರಿ. ಅದರಲ್ಲಿ ನಾಲ್ಕು ಮನೆಗಳನ್ನು ಹಾಕಿರಿ: ಯಾವ ಕೆಲಸ, ಯಾರು ಮಾಡಬೇಕು, ಯಾವ ದಿನದೊಳಗೆ, ಆಯಿತೋ ಇಲ್ಲವೋ. ಮುಂದಿನ ಸಭೆಯಲ್ಲಿ ಮೊದಲು ಆ ವಹಿಯನ್ನು ಓದಿರಿ. ಹಣ ಕೂಡಿಸಿದ್ದರೆ ಐದು ರೂಪಾಯಿಯ ಲೆಕ್ಕವನ್ನೂ ಎಲ್ಲರ ಮುಂದೆ ಹೇಳಿರಿ. ಕೆಲಸ ಆಗದಿದ್ದರೆ ಕಾರಣ ಕೇಳಿರಿ, ಆದರೆ ನಗಬೇಡಿರಿ. ತಿಂಗಳಿಗೊಮ್ಮೆ ಮುಖಂಡರನ್ನು ಬದಲಿಸಿರಿ. ನಾಳೆ ನಿಮ್ಮ ಊರಿನ ಗ್ರಾಮಸಭೆಯಲ್ಲಿ ನೀವು ಕುಳಿತುಕೊಳ್ಳುವಿರಿ. ಅಲ್ಲಿ ಲೆಕ್ಕ ಕೇಳುವ ಧೈರ್ಯ, ಲೆಕ್ಕ ಕೊಡುವ ರೂಢಿ ನಿಮಗೆ ಇಲ್ಲಿಂದಲೇ ಬರಬೇಕು.

ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ನಮ್ಮ ಶಾಲೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಸಭೆಯ ವಹಿಯನ್ನು ಕನ್ನಡದಲ್ಲಿ ಬರೆಯಿರಿ. ಶಾಲೆಯ ನಳ ಕೆಟ್ಟಿದ್ದರೆ ಗುರುಗಳ ಸಹಾಯದಿಂದ ಗ್ರಾಮಪಂಚಾಯತಿಗೆ ಮರಾಠಿಯಲ್ಲಿ ಅರ್ಜಿ ಬರೆಯಿರಿ. ಎರಡು ಭಾಷೆ ಬಲ್ಲವರು ಎರಡು ಕಡೆಯವರನ್ನೂ ಕೂಡಿಸಬಲ್ಲರು. ಇದೂ ನಾಯಕತ್ವದ ಒಂದು ಗುಣ.

ದೊಡ್ಡವರು ಈ ದಾರಿಯನ್ನು ನಮಗೆ ತೋರಿಸಿದ್ದಾರೆ. ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯ ಅವರ ವಸತಿಗೃಹದಲ್ಲಿ ಎಲ್ಲ ಜಾತಿಯ ಬಡ ಮಕ್ಕಳು ಒಟ್ಟಿಗೆ ಇದ್ದರು, ಒಟ್ಟಿಗೆ ಉಂಡರು. ಅಡಿಗೆ, ಕಸಗುಡಿಸುವುದು, ಹೊಲದ ಕೆಲಸ ಎಲ್ಲವನ್ನೂ ಮಕ್ಕಳೇ ಹಂಚಿಕೊಂಡು ಮಾಡುತ್ತಿದ್ದರು. 1924ರಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದ ತರುಣರು ಅಲ್ಲಿ ಸ್ವಯಂಸೇವಕರಾಗಿ ದುಡಿದರು. ಆ ಅಧಿವೇಶನದಲ್ಲಿ ಪಾಯಖಾನೆ ಸ್ವಚ್ಛ ಮಾಡುವ ಕೆಲಸವನ್ನೂ ಸ್ವಯಂಸೇವಕರು ಮನಸಾರೆ ಮಾಡಿದರು. ಕೀಳು ಕೆಲಸ ಎಂಬುದು ಯಾವುದೂ ಇಲ್ಲ ಎಂದು ತಿಳಿದವರೇ ಇತರರಿಗೆ ಕೆಲಸ ಹೇಳಲು ಯೋಗ್ಯರು.

ಇನ್ನು ನನ್ನ ಮನಸ್ಸನ್ನು ಬಹಳ ದಿನಗಳಿಂದ ಕಾಡುವ ಒಂದು ಮಾತು ಹೇಳುತ್ತೇನೆ. ದೀಪಾವಳಿಯ ಹೊತ್ತಿಗೆ ನಮ್ಮ ತಾಲೂಕಿನ ಅನೇಕ ಕುಟುಂಬಗಳು ಕಬ್ಬು ಕಡಿಯಲು ಸಕ್ಕರೆ ಕಾರಖಾನೆಗಳ ಕಡೆಗೆ ಹೋಗುತ್ತವೆ. ಕೆಲವರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಾರೆ, ಕೆಲವರು ಜೊತೆಗೆ ಕರೆದೊಯ್ಯುತ್ತಾರೆ. ಹಾಗೆ ಹೋದ ಮಗು ತಿಂಗಳುಗಟ್ಟಲೆ ಕಳೆದು ಮರಳಿ ಬಂದಾಗ, ಪಾಠ ಮುಂದೆ ಹೋಗಿರುತ್ತದೆ, ಬೆಂಚಿನ ಮೇಲಿನ ಜಾಗ ಬೇರೆಯವರದಾಗಿರುತ್ತದೆ. ಅದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಶಾಲೆಯನ್ನೇ ಬಿಟ್ಟುಬಿಡಬಹುದು. ಇಂಥ ಗೆಳೆಯನ ಹೆಸರನ್ನು ನಿಮ್ಮ ವಹಿಯಿಂದ ಹೊಡೆದು ಹಾಕಬೇಡಿರಿ. ಅವನ ಟಿಪ್ಪಣಿಗಳನ್ನು ಬರೆದಿಡಲು ಒಬ್ಬರಿಗೆ ಪಾಳಿ ಹಚ್ಚಿರಿ. ಅವನು ಬಂದ ವಾರವೇ ಅವನಿಗೂ ಒಂದು ಕೆಲಸ ಕೊಡಿರಿ. ವಾಚನಾಲಯದ ಬೀಗದ ಕೈ ಅವನ ಕೈಯಲ್ಲಿದ್ದರೆ, ಮರುದಿನ ಅವನು ಶಾಲೆಗೆ ಬಂದೇ ಬರುತ್ತಾನೆ. ಏಕೆಂದರೆ ತನಗಾಗಿ ನಾಲ್ಕು ಜನ ಬಾಗಿಲಲ್ಲಿ ಕಾಯುತ್ತಾರೆ ಎಂದು ಅವನಿಗೆ ಗೊತ್ತು.

ಹುಡುಗಿಯರ ಮಾತೂ ಅಷ್ಟೇ. ಹಲವು ಕಡೆ ರಂಗೋಲಿ ಹಾಕುವುದು, ಸ್ವಾಗತಗೀತೆ ಹಾಡುವುದು ಹುಡುಗಿಯರಿಗೆ. ಸಭೆ ನಡೆಸುವುದು, ಲೆಕ್ಕ ಇಡುವುದು ಹುಡುಗರಿಗೆ ಎಂಬ ರೂಢಿಯಿದೆ. ಇದು ಸರಿಯಲ್ಲ. ರಂಗೋಲಿಯ ಪಾಳಿ ಹುಡುಗರಿಗೂ ಬರಲಿ, ಲೆಕ್ಕದ ವಹಿ ಹುಡುಗಿಯರ ಕೈಗೂ ಬರಲಿ. ಪರಿಪಾಠದಲ್ಲಿ ಸುವಿಚಾರ ಹೇಳಲು ಕಾಲು ನಡುಗುವ ಮಗುವಿಗೆ ಮೊದಲು ಒಂದೇ ವಾಕ್ಯ ಕೊಡಿರಿ. ಎರಡನೆಯ ಸಲ ಅದು ಎರಡು ವಾಕ್ಯ ಹೇಳುತ್ತದೆ.

‘ಇದರಿಂದ ಓದು ಹಾಳಾಗುವುದಿಲ್ಲವೇ?’ ಎಂದು ಕೆಲವು ಪಾಲಕರು ಕೇಳುತ್ತಾರೆ. ಅವರ ಚಿಂತೆ ಸಹಜವಾದದ್ದು. ಓದಿನ ವೇಳೆಯನ್ನು ಕಸಿದುಕೊಳ್ಳುವ ಮಂಡಳ ಬೇಡವೇ ಬೇಡ. ಆದರೆ ಸಭೆಯ ವರದಿ ಬರೆಯುವವನ ಭಾಷೆ ತಿದ್ದುತ್ತದೆ, ಲೆಕ್ಕ ಇಡುವವಳ ಗಣಿತ ಗಟ್ಟಿಯಾಗುತ್ತದೆ. ‘ಎಲ್ಲರಿಗೂ ಕೊಟ್ಟರೆ ಕೆಲಸ ಕೆಡುತ್ತದೆ, ಜಾಣರಿಗೇ ಕೊಡಿ’ ಎನ್ನುವವರೂ ಇದ್ದಾರೆ. ಹೌದು, ಮೊದಲ ವಾರ ಕೆಲಸ ಸ್ವಲ್ಪ ಕೆಡಬಹುದು. ಆದರೆ ನೀರಿಗೆ ಇಳಿಯದೆ ಈಜು ಕಲಿತವರು ಯಾರಾದರೂ ಇದ್ದಾರೆಯೇ? ಕೆಡದಂತೆ ನೋಡಿಕೊಳ್ಳಲು ಗುರುಗಳಿದ್ದಾರೆ, ಕಲಿಯಲೆಂದೇ ಶಾಲೆಯಿದೆ.

ಆದುದರಿಂದ ಮಕ್ಕಳೇ, ಹೈಸ್ಕೂಲು ಬರುವವರೆಗೆ ಕಾಯಬೇಡಿರಿ. ನಾಳೆಯೇ ನಿಮ್ಮ ಗುರುಗಳನ್ನು ಕೇಳಿ ವರ್ಗದ ಗೋಡೆಗೆ ಒಂದು ಕಾಗದ ಅಂಟಿಸಿರಿ. ಅದರ ಮೇಲೆ ‘ಇಂದಿನ ಪಾಳಿ ಯಾರದು?’ ಎಂದು ಬರೆಯಿರಿ. ಅದರ ಕೆಳಗೆ ಎಲ್ಲ ಮಕ್ಕಳ ಹೆಸರುಗಳನ್ನು ಬರೆಯಿರಿ, ಒಂದನ್ನೂ ಬಿಡಬೇಡಿರಿ. ಕಬ್ಬಿನ ಗ್ಯಾಂಗಿನ ಜೊತೆ ಹೋಗಿರುವ ಗೆಳೆಯನ ಹೆಸರೂ ಅದರಲ್ಲಿರಲಿ.