ಹವಾಮಾನದ ಹಕ್ಕು ಸಿಕ್ಕಿದೆ, ಹೊಣೆ ಯಾರದು?

ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಭಾರತದಲ್ಲಿ ಈಗ ಮೂಲಭೂತ ಹಕ್ಕು. 2024ರ ಮಾರ್ಚ್ 21ರಂದು ಎಂ.ಕೆ. ರಂಜಿತ್‌ಸಿಂಹ ಮತ್ತು ಭಾರತ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆಂದು ಹೇಳಿತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಮನೋಜ್ ಮಿಶ್ರಾ ಅವರ ಪೀಠ ಈ ಹಕ್ಕಿಗೆ ಸಂವಿಧಾನದ ಎರಡು ವಿಧಿಗಳಲ್ಲಿ ಆಧಾರ ಕಂಡಿತು. ಒಂದು, ಜೀವಿಸುವ ಹಕ್ಕನ್ನು ಕೊಡುವ 21ನೇ ವಿಧಿ. ಇನ್ನೊಂದು, ಸಮಾನತೆಯ 14ನೇ ವಿಧಿ. ಆದರೆ ಈ ಹಕ್ಕನ್ನು ಜಾರಿಗೆ ತರುವ ಹೊಣೆ ಯಾರದು, ಅದು ಜಾರಿಯಾಗಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ, ತಪ್ಪಿದರೆ ಪರಿಹಾರವೇನು ಎಂಬ ಪ್ರಶ್ನೆಗಳಿಗೆ ಇಂದಿಗೂ ಸ್ಪಷ್ಟ ಉತ್ತರವಿಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನದಲ್ಲಿ ಪರಿಸರದ ಹಕ್ಕು ಎಂಬುದೇ ಇರಲಿಲ್ಲ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ, 1976ರ 42ನೇ ತಿದ್ದುಪಡಿಯ ಮೂಲಕ ಎರಡು ಅಂಶಗಳು ಸೇರಿದವು. 48ಎ ವಿಧಿ ಪರಿಸರ, ಅರಣ್ಯ ಮತ್ತು ವನ್ಯಜೀವಿಗಳ ರಕ್ಷಣೆಯನ್ನು ಸರ್ಕಾರದ ಕರ್ತವ್ಯವೆಂದಿತು. 51ಎ(ಜಿ) ವಿಧಿ ಅದನ್ನು ಪ್ರತಿ ನಾಗರಿಕನ ಕರ್ತವ್ಯವೆಂದಿತು. ಎರಡಕ್ಕೂ ಒಂದೇ ಕೊರತೆ. ಮೊದಲನೆಯದು ರಾಜ್ಯ ನೀತಿಯ ನಿರ್ದೇಶಕ ತತ್ವ. ಅದನ್ನು ಹಿಡಿದು ನೇರವಾಗಿ ಕೋರ್ಟಿಗೆ ಹೋಗಲು ಬರುವುದಿಲ್ಲ. ಎರಡನೆಯದು ಮೂಲಭೂತ ಕರ್ತವ್ಯ. ಅದು ಯಾರಿಗೂ ಹಕ್ಕು ಕೊಡುವುದಿಲ್ಲ. ಹೀಗಾಗಿ ಭಾರತದಲ್ಲಿ ಪರಿಸರದ ಹಕ್ಕು ತಿದ್ದುಪಡಿಯಿಂದ ಬರಲಿಲ್ಲ, ತೀರ್ಪುಗಳಿಂದ ಬಂತು.

1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 21ನೇ ವಿಧಿಯ ವ್ಯಾಪ್ತಿಯನ್ನು ಹಿಗ್ಗಿಸಿತು. ಜೀವಿಸುವುದೆಂದರೆ ಉಸಿರಾಡಿಕೊಂಡಿರುವುದಷ್ಟೇ ಅಲ್ಲ, ಘನತೆಯಿಂದ ಬದುಕುವುದು ಎಂಬ ನಿಲುವು ಗಟ್ಟಿಯಾಯಿತು. 1985ರಲ್ಲಿ ಡೆಹ್ರಾಡೂನ್ ಕಣಿವೆಯ ಹಲವು ಸುಣ್ಣಕಲ್ಲು ಗಣಿಗಳು ಕೋರ್ಟಿನ ಆದೇಶದಿಂದ ಮುಚ್ಚಿದವು. 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಮಾಲಿನ್ಯವಿಲ್ಲದ ನೀರು ಮತ್ತು ಗಾಳಿ 21ನೇ ವಿಧಿಯ ಭಾಗವೆಂಬ ಮಾತು ನೇರವಾಗಿಯೇ ಬಂತು. ಆ ಪ್ರಕರಣದಲ್ಲಿ ಅರ್ಜಿದಾರರು ಸ್ವಂತ ಹಿತಾಸಕ್ತಿಯಿಂದ ಕೋರ್ಟಿಗೆ ಬಂದಿದ್ದಾರೆಂದು ಅರ್ಜಿಯೇನೋ ವಜಾ ಆಯಿತು. ಹಕ್ಕು ಮಾತ್ರ ಉಳಿಯಿತು. 1996ರ ವೆಲ್ಲೂರು ಚರ್ಮೋದ್ಯಮ ಪ್ರಕರಣ ಮುನ್ನೆಚ್ಚರಿಕೆಯ ತತ್ವವನ್ನೂ ಮಾಲಿನ್ಯ ಮಾಡಿದವರೇ ದಂಡ ತೆರಬೇಕೆಂಬ ತತ್ವವನ್ನೂ ದೇಶದ ಕಾನೂನಿನ ಭಾಗವಾಗಿಸಿತು.

ಈ ಬೆಳವಣಿಗೆಯಲ್ಲಿ ಕರ್ನಾಟಕದ ಎರಡು ಪ್ರಕರಣಗಳಿಗೂ ಜಾಗವಿದೆ. ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆ 2005ರ ಕೊನೆಗೆ ನಿಂತದ್ದು 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಬೆಂಗಳೂರಿನ ಹೊರವಲಯದ ಗೋಮಾಳವನ್ನು ಕೈಗಾರಿಕೆಗೆ ಕೊಟ್ಟದ್ದನ್ನು ಪ್ರಶ್ನಿಸಿದ್ದ ಪ್ರಕರಣದಲ್ಲಿ, ಇನ್ನು ಮುಂದೆ ಭೂಸ್ವಾಧೀನಕ್ಕೆ ಮೊದಲೇ ಪರಿಸರದ ಮೇಲಾಗುವ ಪರಿಣಾಮವನ್ನು ತೂಗಿ ನೋಡಬೇಕೆಂದು 2006ರಲ್ಲಿ ಕೋರ್ಟ್ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ ಸೂಚಿಸಿತು.

ಇಷ್ಟೆಲ್ಲ ಇರುವಾಗ ಹವಾಮಾನಕ್ಕೆಂದು ಬೇರೆ ಹಕ್ಕು ಏಕೆ? ಮಾಲಿನ್ಯಕ್ಕೂ ಹವಾಮಾನ ಬದಲಾವಣೆಗೂ ಕಾನೂನಿನ ಕಣ್ಣಿನಲ್ಲಿ ದೊಡ್ಡ ಅಂತರವಿದೆ. ಕೆರೆಗೆ ವಿಷ ಬಿಟ್ಟ ಕಾರ್ಖಾನೆಯನ್ನು ಬೊಟ್ಟು ಮಾಡಿ ತೋರಿಸಬಹುದು. ನೀರಿನ ಮಾದರಿ ತೆಗೆದು ಪರೀಕ್ಷೆ ಮಾಡಬಹುದು. ಗದಗದ ರೈತನ ಹೆಸರು ಬೆಳೆ ಮಳೆಯಿಲ್ಲದೆ ಒಣಗಿದರೆ ಅದಕ್ಕೆ ಇಂಥ ಚಿಮಣಿಯೇ ಕಾರಣವೆಂದು ತೋರಿಸಲು ಸಾಧ್ಯವಿಲ್ಲ. ವಾತಾವರಣಕ್ಕೆ ಸೇರಿದ ಇಂಗಾಲದ ಡೈಆಕ್ಸೈಡ್ ನೂರಾರು ವರ್ಷ ಉಳಿಯುತ್ತದೆ. ಅದನ್ನು ಬಿಟ್ಟವರಲ್ಲಿ ಹೆಚ್ಚಿನವರು ಬೇರೆ ದೇಶದವರು, ಬೇರೆ ಕಾಲದವರು. ಕಾರಣ ಒಂದೆಡೆ, ಪರಿಣಾಮ ಇನ್ನೊಂದೆಡೆ ಇದ್ದಾಗ ಮಾಲಿನ್ಯದ ಹಳೆಯ ಕಾನೂನು ಕೈಚೆಲ್ಲುತ್ತದೆ.

2024ರ ತೀರ್ಪು 14ನೇ ವಿಧಿಯನ್ನು ಜೊತೆಗೆ ತಂದದ್ದು ಇದೇ ಕಾರಣಕ್ಕೆ ಮುಖ್ಯವಾಗುತ್ತದೆ. ಬರ, ನೆರೆ, ಬಿಸಿಗಾಳಿ ಎಲ್ಲರ ಮೇಲೂ ಬರುತ್ತವೆ. ತಡೆದುಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಬೆಳೆನಾಶದಿಂದ ಆಹಾರದ ಕೊರತೆಯಾದರೆ ಬಡವರು ಉಳ್ಳವರಿಗಿಂತ ಹೆಚ್ಚು ನರಳುತ್ತಾರೆ, ಅರಣ್ಯವನ್ನೇ ನಂಬಿದ ಬುಡಕಟ್ಟುಗಳು ನೆಲೆಯ ಜೊತೆಗೆ ಸಂಸ್ಕೃತಿಯನ್ನೂ ಕಳೆದುಕೊಳ್ಳುತ್ತವೆ ಎಂದು ಪೀಠ ವಿವರಿಸಿತು. ಅಂದರೆ ಹವಾಮಾನದ ಹಾನಿ ಆರೋಗ್ಯದ ಪ್ರಶ್ನೆ ಮಾತ್ರವಲ್ಲ, ಅಸಮಾನತೆಯ ಪ್ರಶ್ನೆಯೂ ಹೌದು.

ಇದಕ್ಕೆ ಉದಾಹರಣೆ ಕರ್ನಾಟಕದಲ್ಲೇ ಇತ್ತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಸುಮಾರು 48 ಲಕ್ಷ ಹೆಕ್ಟೇರಿನಲ್ಲಿ ಬೆಳೆಹಾನಿಯಾಗಿದೆ ಎಂದು ರಾಜ್ಯ ಸರ್ಕಾರ ಅಂದಾಜಿಸಿತು. ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ 18,171 ಕೋಟಿ ರೂಪಾಯಿ ಕೇಳಿ ತಿಂಗಳುಗಟ್ಟಲೆ ಕಾದ ರಾಜ್ಯ, ಹವಾಮಾನದ ತೀರ್ಪು ಬಂದ ಎರಡು ದಿನಗಳಲ್ಲೇ 2024ರ ಮಾರ್ಚ್ 23ರಂದು ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಪರಿಹಾರ ಕೊಡದಿರುವುದು ರಾಜ್ಯದ ಜನರ 14 ಮತ್ತು 21ನೇ ವಿಧಿಯ ಹಕ್ಕುಗಳ ಉಲ್ಲಂಘನೆ ಎಂಬುದು ಅರ್ಜಿಯ ವಾದಗಳಲ್ಲೊಂದು. ಏಪ್ರಿಲ್ ಕೊನೆಯಲ್ಲಿ ಸುಮಾರು 3,450 ಕೋಟಿ ರೂಪಾಯಿ ಬಿಡುಗಡೆಯಾಯಿತು. ಎರಡು ಸರ್ಕಾರಗಳು ಕೋರ್ಟಿನಲ್ಲಿ ಲೆಕ್ಕ ಹಾಕುತ್ತಿದ್ದ ಹೊತ್ತಿಗೆ ರೈತರ ಒಂದು ಹಂಗಾಮು ಪೂರ್ತಿ ಕಳೆದಿತ್ತು. ಹಕ್ಕು ಇದ್ದರೂ ಅದನ್ನು ಎಷ್ಟು ದಿನದೊಳಗೆ, ಯಾರು ಈಡೇರಿಸಬೇಕೆಂಬ ನಿಯಮವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಹಕ್ಕು ಹುಟ್ಟಿದ ಸಂದರ್ಭವೂ ಗಮನಾರ್ಹ. ಪ್ರಕರಣ ಹವಾಮಾನದ್ದಾಗಿರಲಿಲ್ಲ, ಅಳಿವಿನಂಚಿನ ಎರೆಭೂತ ಹಕ್ಕಿಯದಾಗಿತ್ತು. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಹೆಸರಾದ ಈ ಹಕ್ಕಿಗಳು ದೇಶದಲ್ಲಿ ಉಳಿದಿರುವುದು ಸುಮಾರು ಒಂದೂವರೆ ನೂರು. ಬಹುಪಾಲು ರಾಜಸ್ಥಾನದಲ್ಲಿವೆ, ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಕಂಡುಬಂದಿವೆ. ಮೈಭಾರದ ಈ ಹಕ್ಕಿಗೆ ಎದುರಿನ ದೃಷ್ಟಿ ಕಡಿಮೆ. ಹಾರುವಾಗ ವಿದ್ಯುತ್ ತಂತಿ ಕಂಡರೂ ತಕ್ಷಣ ದಾರಿ ಬದಲಿಸಲಾಗದೆ ಡಿಕ್ಕಿ ಹೊಡೆದು ಸಾಯುತ್ತದೆ. ವನ್ಯಜೀವಿ ತಜ್ಞ ರಂಜಿತ್‌ಸಿಂಹ ಮತ್ತಿತರರ ಅರ್ಜಿಯ ಮೇಲೆ 2021ರ ಏಪ್ರಿಲ್‌ನಲ್ಲಿ ಕೋರ್ಟ್, ರಾಜಸ್ಥಾನ ಮತ್ತು ಗುಜರಾತಿನ ಸುಮಾರು 99,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ತಂತಿಗಳನ್ನು ನೆಲದಡಿ ಹಾಕುವಂತೆ ನಿರ್ಬಂಧ ವಿಧಿಸಿತು.

ಅದೇ ಪ್ರದೇಶ ದೇಶದ ಸೌರ ಮತ್ತು ಪವನ ವಿದ್ಯುತ್ತಿನ ದೊಡ್ಡ ನೆಲೆ. 2030ರೊಳಗೆ 500 ಗಿಗಾವಾಟ್ ಪಳೆಯುಳಿಕೆಯೇತರ ವಿದ್ಯುತ್ ಸಾಮರ್ಥ್ಯ, 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ ಎಂಬ ಗುರಿಗಳಿಗೆ ಈ ಆದೇಶ ಅಡ್ಡಿಯೆಂದು ಕೇಂದ್ರ ಸರ್ಕಾರ ಬದಲಾವಣೆ ಕೋರಿತು. 2024ರ ತೀರ್ಪು ಆ ಕೋರಿಕೆಯನ್ನು ಮನ್ನಿಸಿ, ಹಳೆಯ ನಿರ್ಬಂಧವನ್ನು ಹಿಂಪಡೆದು, ತಜ್ಞರ ಸಮಿತಿಗೆ ವಿಷಯವನ್ನು ಒಪ್ಪಿಸಿತು. 2025ರ ಡಿಸೆಂಬರ್‌ನಲ್ಲಿ ಸಮಿತಿಯ ಶಿಫಾರಸುಗಳನ್ನು ಒಪ್ಪಿದ ಕೋರ್ಟ್, ರಾಜಸ್ಥಾನದ 14,013 ಮತ್ತು ಗುಜರಾತಿನ 740 ಚದರ ಕಿಲೋಮೀಟರ್ ಪ್ರದೇಶವನ್ನು ಹಕ್ಕಿಯ ಆದ್ಯತಾ ವಲಯವೆಂದು ಉಳಿಸಿತು. ಹೀಗೆ ಸುಭಾಷ್ ಕುಮಾರ್ ಪ್ರಕರಣದಲ್ಲಿ ಆದಂತೆಯೇ ಇಲ್ಲಿಯೂ ಆಯಿತು: ಹಕ್ಕು ಘೋಷಣೆಯಾಯಿತು, ಅದನ್ನು ಬಳಸಿ ಯಾವ ನಾಗರಿಕನೂ ಏನನ್ನೂ ಪಡೆಯಲಿಲ್ಲ. ಹವಾಮಾನದ ಹಕ್ಕಿನಿಂದ ಮೊದಲ ಅನುಕೂಲವಾದದ್ದು ವಿದ್ಯುತ್ ಯೋಜನೆಗಳಿಗೆ.

ಸೌರ ವಿದ್ಯುತ್ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹವಾಮಾನ ರಕ್ಷಣೆಯ ಹೆಸರಿನಲ್ಲಿ ಬಂದದ್ದೆಲ್ಲ ಪರಿಸರದ ಹಕ್ಕನ್ನು ಕಾಪಾಡುತ್ತದೆ ಎನ್ನಲಾಗದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಅಲ್ಲಿ ಭೂಮಿಯನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆಯಲಾಯಿತು. ಪದೇ ಪದೇ ಬರ ಕಂಡ ಜಮೀನಿನ ಮಾಲೀಕರಿಗೆ ಅದು ಖಾತರಿ ಆದಾಯ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. 14ನೇ ವಿಧಿಯನ್ನು ಹವಾಮಾನಕ್ಕೆ ಅನ್ವಯಿಸುವುದಾದರೆ ಬರಕ್ಕೆ ಮಾತ್ರವಲ್ಲ, ಬರಕ್ಕೆ ಮದ್ದೆಂದು ಬಂದ ಯೋಜನೆಗಳಿಗೂ ಅನ್ವಯಿಸಬೇಕಾಗುತ್ತದೆ.

ಹೊರದೇಶಗಳ ನ್ಯಾಯಾಲಯಗಳು ಈ ವಿಷಯದಲ್ಲಿ ಇನ್ನಷ್ಟು ಮುಂದೆ ಹೋಗಿವೆ. 1990ರ ಮಟ್ಟಕ್ಕಿಂತ ಕನಿಷ್ಠ ಶೇ 25ರಷ್ಟು ಹೊರಸೂಸುವಿಕೆಯನ್ನು 2020ರ ಕೊನೆಯೊಳಗೆ ಇಳಿಸಲೇಬೇಕೆಂದು ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ 2019ರಲ್ಲಿ ಅಲ್ಲಿನ ಸರ್ಕಾರಕ್ಕೆ ತಾಕೀತು ಮಾಡಿತು. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ, 2030ರ ನಂತರದ ಕಡಿತ ಹೇಗೆಂದು ಹೇಳದ ಕಾಯ್ದೆ ಇಂದಿನ ಯುವಜನರ ಮೇಲೆ ನಾಳೆಯ ಹೊರೆಯನ್ನು ಹೇರುತ್ತದೆ ಎಂದಿತು. ಸರ್ಕಾರ 2030ರ ಗುರಿಯನ್ನು ಶೇ 55ರಿಂದ 65ಕ್ಕೆ ಏರಿಸಿತು. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರ ಸಂಘ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ತಮ್ಮ ದೇಶದ ವಿರುದ್ಧ ಗೆದ್ದಿತು. ವಿಶ್ವಸಂಸ್ಥೆಯ ಮಹಾಸಭೆ 2022ರ ಜುಲೈನಲ್ಲಿ 161 ಮತಗಳಿಂದ ಆರೋಗ್ಯಕರ ಪರಿಸರವನ್ನು ಮಾನವ ಹಕ್ಕೆಂದು ಒಪ್ಪಿತು. ಭಾರತವೂ ಪರವಾಗಿ ಮತ ಹಾಕಿತ್ತು. 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂಬ ಸಲಹಾ ಅಭಿಪ್ರಾಯ ನೀಡಿತು.

ಯುರೋಪಿನ ಈ ಮಾದರಿಯನ್ನು ಭಾರತಕ್ಕೆ ಹಾಗೆಯೇ ತರಲಾಗದು. ಅಲ್ಲಿನ ತೀರ್ಪುಗಳ ತಿರುಳು ಹೊರಸೂಸುವಿಕೆಯ ಕಡಿತ. ಭಾರತದಲ್ಲಿ ತಲಾ ಇಂಗಾಲದ ಹೊರಸೂಸುವಿಕೆ ಜಾಗತಿಕ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಪಳೆಯುಳಿಕೆಯೇತರ ಮೂಲಗಳಿಂದ ಬರಬೇಕೆಂಬ 2030ರ ಗುರಿಯನ್ನು ದೇಶ 2025ರ ಜೂನ್‌ನಲ್ಲೇ ಮುಟ್ಟಿದೆ. ನಾಳೆಯೇ ಭಾರತ ಎಲ್ಲ ಹೊಗೆಯನ್ನು ನಿಲ್ಲಿಸಿದರೂ ಕಲಬುರಗಿಯ ಬಿಸಿಲು ತಗ್ಗುವುದಿಲ್ಲ, ಕೊಡಗಿನ ಗುಡ್ಡ ಕುಸಿಯುವುದು ನಿಲ್ಲುವುದಿಲ್ಲ. ಆದ್ದರಿಂದ ಇಲ್ಲಿ ಈ ಹಕ್ಕನ್ನು ಮುಖ್ಯವಾಗಿ ಜನರ ರಕ್ಷಣೆಯಿಂದ ಅಳೆಯಬೇಕು: ಬರ ಪರಿಹಾರ ಎಷ್ಟು ಬೇಗ ಕೈಸೇರಿತು, ಬಿಸಿಲಲ್ಲಿ ದುಡಿಯುವವರ ಕೆಲಸದ ವೇಳೆ ಬದಲಾಯಿತೇ, ಗುಡ್ಡದ ಇಳಿಜಾರಿನಲ್ಲಿ ಕಟ್ಟಡಕ್ಕೆ ಅನುಮತಿ ಕೊಟ್ಟವರು ಯಾರು.

ಇದನ್ನೆಲ್ಲ ಕೋರ್ಟುಗಳಿಗೇ ಬಿಟ್ಟರೆ ಸಾಲದು ಎಂಬುದಕ್ಕೆ ಈಚಿನ ಅನುಭವವಿದೆ. 2017ರಲ್ಲಿ ಉತ್ತರಾಖಂಡದ ಒಂಬತ್ತು ವರ್ಷದ ಬಾಲಕಿಯೊಬ್ಬಳು ಹವಾಮಾನ ಬದಲಾವಣೆ ತಡೆಯಲು ಸರ್ಕಾರ ಕ್ರಮ ಕೈಗೊಳ್ಳುತ್ತಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದಳು. ಯೋಜನೆಗಳ ಪರಿಸರ ಪರಿಣಾಮದ ಅಧ್ಯಯನದಲ್ಲೇ ಹವಾಮಾನವೂ ಸೇರುತ್ತದೆ ಎಂಬ ಕಾರಣ ಕೊಟ್ಟು 2019ರಲ್ಲಿ ಮಂಡಳಿ ಅರ್ಜಿಯನ್ನು ಮುಗಿಸಿತು. ಆ ಅಧ್ಯಯನದ ಗತಿಯಾದರೂ ಏನು? ಕೆಲಸ ಶುರುಮಾಡಿದ ಮೇಲೆ ಪರಿಸರ ಅನುಮತಿ ಕೊಡುವ ಪದ್ಧತಿಯನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಮೂವರ ಪೀಠ ಇಬ್ಬರ ಬಹುಮತದಿಂದ ಆ ತೀರ್ಪನ್ನೇ ಹಿಂಪಡೆಯಿತು. ಆರು ತಿಂಗಳಲ್ಲಿ ಹೀಗೆ ಹಿಂದೆ ಮುಂದೆ ಆಗುವ ಹಕ್ಕನ್ನು ನಂಬಿ ಯಾರೂ ಬೆಳೆ ಇಡಲಾರರು, ಮನೆ ಕಟ್ಟಲಾರರು.

ಹವಾಮಾನ ಬದಲಾವಣೆಗೆಂದೇ ಸಮಗ್ರ ಕಾಯ್ದೆ ದೇಶದಲ್ಲಿಲ್ಲ ಎಂಬುದನ್ನು 2024ರ ತೀರ್ಪೇ ಗುರುತಿಸಿದೆ. 2008ರ ರಾಷ್ಟ್ರೀಯ ಕ್ರಿಯಾ ಯೋಜನೆ ಮತ್ತು ಅದರ ಎಂಟು ಮಿಷನ್‌ಗಳು ಸರ್ಕಾರದ ಕಾರ್ಯಕ್ರಮಗಳು. ಅವುಗಳ ಗುರಿ ತಪ್ಪಿದರೆ ಪ್ರಶ್ನಿಸುವ ಕಾನೂನು ಅಧಿಕಾರ ನಾಗರಿಕರಿಗಿಲ್ಲ. ಕಾಯ್ದೆ ತರಲು ಸಂವಿಧಾನದಲ್ಲಿ ದಾರಿಯಿದೆ. ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೆ ತರಲು ಸಂಸತ್ತಿಗೆ 253ನೇ ವಿಧಿ ಅಧಿಕಾರ ಕೊಡುತ್ತದೆ. ಭೋಪಾಲ್ ದುರಂತದ ನಂತರ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು ಈ ದಾರಿಯಲ್ಲೇ. ಪ್ಯಾರಿಸ್ ಒಪ್ಪಂದವನ್ನು ಆಧರಿಸಿ ಇನ್ನೊಂದನ್ನು ತರಬಹುದು. ಯಾವ ಹಂತದ ಸರ್ಕಾರಕ್ಕೆ ಯಾವ ಹೊಣೆ, ಎಷ್ಟು ಅವಧಿಯೊಳಗೆ, ಎಲ್ಲಿಂದ ಹಣ, ತಪ್ಪಿದರೆ ಯಾರ ಮುಂದೆ ದೂರು ಎಂಬ ನಾಲ್ಕು ಅಂಶಗಳು ಅದರಲ್ಲಿರಬೇಕು.

ರಾಜ್ಯಗಳು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಕೃಷಿ, ನೀರು, ಸಾರ್ವಜನಿಕ ಆರೋಗ್ಯ ಮೂರೂ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿವೆ, ಮತ್ತು ಹವಾಮಾನದ ಪೆಟ್ಟು ಜನರ ಮೇಲೆ ಬೀಳುತ್ತಿರುವುದು ಈ ಮೂರರ ಮೂಲಕವೇ. ಪರಿಹಾರದ ಹಣಕ್ಕಾಗಿ 14 ಮತ್ತು 21ನೇ ವಿಧಿಗಳನ್ನು ಹಿಡಿದು ಕೇಂದ್ರದ ವಿರುದ್ಧ ಕೋರ್ಟಿಗೆ ಹೋದ ಕರ್ನಾಟಕ, ಅದೇ ವಿಧಿಗಳು ತನ್ನನ್ನೂ ಕಟ್ಟಿಹಾಕುತ್ತವೆ ಎಂದು ಒಪ್ಪಿ ತನ್ನ ವಿಧಾನಮಂಡಲದಲ್ಲೇ ಅಂಥ ಮಸೂದೆಯನ್ನು ಮಂಡಿಸಬಹುದು. ಆಗ ಮುಂದಿನ ಬರದಲ್ಲಿ ಪರಿಹಾರ ತಡವಾದರೆ ರೈತ ಸಂವಿಧಾನದ ವ್ಯಾಖ್ಯಾನಕ್ಕಾಗಿ ದೆಹಲಿಯತ್ತ ನೋಡಬೇಕಿಲ್ಲ. ಕಾಯ್ದೆಯ ಸೆಕ್ಷನ್ ತೋರಿಸಿ ತಾಲ್ಲೂಕು ಕಚೇರಿಯಲ್ಲೇ ಕೇಳಬಹುದು.