ಅಳಿಲಿಗೆ ಪಂಜರ ಬೇಡ, ಮರ ಬೇಕು

ಬಸವನಗುಡಿಯ ಬಂಧುಗಳ ಮನೆಗೆ ಹೋದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: ಕೊಂಬೆ ಕಡಿದಾಗ ಗೂಡಿನೊಡನೆ ಬಿದ್ದ ಅಳಿಲುಮರಿಯನ್ನು ಸಾಕುವುದು ಹೇಗೆ? ವಿದೇಶಗಳಲ್ಲಿ ಚಿಪ್‌ಮಂಕ್ ಸಾಕುವುದಿಲ್ಲವೇ ಎಂಬುದು ಮಕ್ಕಳ ವಾದ. ಪಟ್ಟೆಗಳ ಹೋಲಿಕೆಯಿದ್ದರೂ ನಮ್ಮ ಮೂರುಪಟ್ಟೆಯ ಅಳಿಲು ಬೇರೆಯೇ ಕುಲದ್ದು. ಅಲ್ಲಿಯೂ ಸಾಕಿದವರಿಂದ ತಪ್ಪಿಸಿಕೊಂಡ ಸೈಬೀರಿಯಾದ ಚಿಪ್‌ಮಂಕ್ ಕಾಡು ಸೇರಿ, 2016ರಲ್ಲಿ ಐರೋಪ್ಯ ಒಕ್ಕೂಟದ ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿತು.

ಮರಿ ಸಿಕ್ಕರೆ ಮೊದಲು ಬೆಚ್ಚಗಿಡಿ. ಮೈ ತಣ್ಣಗಿರುವಾಗ ಏನನ್ನೂ ಕುಡಿಸಕೂಡದು. ಹಸುವಿನ ಹಾಲು ಭೇದಿ ತರಬಲ್ಲದು. ಗಾಯವಿಲ್ಲದಿದ್ದರೆ ಬಟ್ಟೆ ಹಾಸಿದ ತೆರೆದ ಪೆಟ್ಟಿಗೆಯಲ್ಲಿ ಅದೇ ಮರದ ಬಳಿಯಿಟ್ಟು, ಬೆಕ್ಕು ಕಾಗೆಗಳು ಬಾರದಂತೆ ದೂರದಿಂದ ಕಾಯಿರಿ. ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಒಯ್ಯುವುದುಂಟು. ಸಂಜೆಯಾದರೂ ಬಾರದಿದ್ದರೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಒಪ್ಪಿಸಿರಿ.

ಬಾಚಿಹಲ್ಲು ಜೀವಮಾನವಿಡೀ ಬೆಳೆಯುವ, ಹಗಲೆಲ್ಲ ಮರವೇರುವ ಪ್ರಾಣಿಗೆ ಪಂಜರದಲ್ಲಿ ಸುಖವಿಲ್ಲ. ನಮ್ಮ ತೋಟಗಳಲ್ಲಿ ಅದು ಕೋಕೋ ಕಾಯಿ ಕೊರೆಯುವುದನ್ನು ಬಲ್ಲೆ. ಅದರ ಮೇಲೆ ನನಗೆ ಕುರುಡು ಮೋಹವಿಲ್ಲ. ಆದರೆ ಗೂಡು ಕೆಡವಿ, ಮರಿಯನ್ನು ಮುದ್ದಿಸುವುದು ಕರುಣೆಯಲ್ಲ. ನಗರಕ್ಕೆ ಓದಲು ಹೋಗುವ ನಮ್ಮ ಮಕ್ಕಳು, ಕೊಡಲಿ ಎತ್ತುವ ಮುನ್ನ ಕೊಂಬೆಯನ್ನೊಮ್ಮೆ ನೋಡಿರೆಂದು ಹೇಳುವಂತಾಗಲಿ.